ಕೊರತೆಯನ್ನು ಮಾರಿದ ಗೊಂಬೆಯಂಗಡಿ

ಗೊಂಬೆಯ ವ್ಯಾಪಾರದಲ್ಲಿ ಗುಟ್ಟೇನಿರಲು ಸಾಧ್ಯ ಎಂದು ಮೇಲುನೋಟಕ್ಕೆ ಅನ್ನಿಸುವುದು ಸಹಜ. ನಯವಾದ ಬಟ್ಟೆಯ ಚೂರು, ಹೊಲಿಗೆ, ಒಳಗೆ ತುಂಬಿದ ಪ್ಲಾಸ್ಟಿಕ್ ಕಾಳು, ಎರಡು ಕರಿಯ ಕಣ್ಣು. ಇಷ್ಟನ್ನು ಯಾರಾದರೂ ಬಿಚ್ಚಿ ನೋಡಬಹುದು. ಆದರೂ ಷಿಕಾಗೋ ನಗರದ ಹೊರವಲಯದಲ್ಲಿ ನೆಲೆಸಿರುವ ‘ಟೈ’ ಎಂಬ ಕಂಪೆನಿಯು ಇಂಥ ಗೊಂಬೆಗಳ ಸುತ್ತ ಕಟ್ಟಿದ ಮೌನದ ಕೋಟೆಯು ಒಂದು ದೇಶದ ಗೃಹಸ್ಥರನ್ನು ನಾಲ್ಕಾರು ವರ್ಷಗಳ ಕಾಲ ಮರುಳುಗೊಳಿಸಿತು. 2021ರ ಡಿಸೆಂಬರಿನಲ್ಲಿ ಎಚ್‌ಬಿಒ ಮ್ಯಾಕ್ಸ್ ಸಂಸ್ಥೆಯು ಪ್ರಸಾರ ಮಾಡಿದ, ಯೆಮಿಸಿ ಬ್ರೂಕ್ಸ್ ನಿರ್ದೇಶನದ ‘ಬೀನಿ ಮೇನಿಯಾ’ ಎಂಬ ಸಾಕ್ಷ್ಯಚಿತ್ರವು ಈ ಕೋಟೆಯ ಒಳಹೊಕ್ಕು ನೋಡುವ ಪ್ರಯತ್ನ. ಕೊಳ್ಳೇಗಾಲ, ಹನೂರು, ಯಳಂದೂರುಗಳ ಓದುಗರಿಗೆ ಅಮೆರಿಕದ ಗೊಂಬೆಯ ಗೀಳಿನಿಂದ ಆಗಬೇಕಾದುದೇನು ಎಂದು ಕೇಳುವವರು ಸ್ವಲ್ಪ ತಾಳಬೇಕು. ಅಂಗಡಿ ನಡೆಸುವವರಿಗೂ ಬಸದಿಯ ಲೆಕ್ಕ ಬರೆಯುವವರಿಗೂ ಇದರಲ್ಲಿ ನೋಡಬೇಕಾದುದು ಸಾಕಷ್ಟಿದೆ.

ಎಚ್. ಟೈ ವಾರ್ನರ್ ಎಂಬವರು 1986ರಲ್ಲಿ ಈ ಕಂಪೆನಿಯನ್ನು ಸ್ಥಾಪಿಸಿದರು. ‘ಬೀನಿ ಬೇಬಿ’ ಎಂಬ ಪುಟ್ಟ ಪ್ರಾಣಿಗೊಂಬೆಗಳು ಹೊರಬಂದದ್ದು 1993ರಲ್ಲಿ. ಅಂಗಡಿಯ ಬೆಲೆ 5 ಡಾಲರ್ ಆಸುಪಾಸು. ಬೇಕೆಂದೇ ಒಳಗೆ ಕಡಿಮೆ ತುಂಬಿದ್ದರಿಂದ ಗೊಂಬೆ ಮೆತ್ತಗೆ ಬಾಗುತ್ತಿತ್ತು. ಕೂರಿಸಿದರೆ ಕೂರುತ್ತಿತ್ತು, ಮಲಗಿಸಿದರೆ ಮಲಗುತ್ತಿತ್ತು. ವಸ್ತುವಿನ ಗುಣದಲ್ಲಿ ಮೋಸವಿರಲಿಲ್ಲವೆಂಬುದನ್ನು ಮೊದಲೇ ಹೇಳಬೇಕು. ಗೊಂಬೆ ಚೆನ್ನಾಗಿಯೇ ಇತ್ತು. ವಾರ್ನರ್ ಅವರ ಜಾಣತನವಿದ್ದದ್ದು ಅದನ್ನು ಹಂಚಿದ ರೀತಿಯಲ್ಲಿ. ದೊಡ್ಡ ದೊಡ್ಡ ಸರಣಿ ಮಳಿಗೆಗಳಿಗೆ ಸರಕು ಕೊಡದೆ ಊರೂರಿನ ಚಿಕ್ಕ ಉಡುಗೊರೆ ಅಂಗಡಿಗಳಿಗೆ ಮಾತ್ರ ಕೊಟ್ಟರು, ಅದೂ ಎಣಿಸಿ. ದೂರದರ್ಶನದಲ್ಲಿ ಜಾಹೀರಾತು ನೀಡಲಿಲ್ಲ. ಆಗಾಗ ಒಂದೊಂದು ಗೊಂಬೆ ‘ನಿವೃತ್ತ’ವಾಯಿತೆಂದು ಸಾರಿ ಅದರ ತಯಾರಿಕೆಯನ್ನು ನಿಲ್ಲಿಸಿದರು. ಎಷ್ಟು ತಯಾರಾಗಿದ್ದವು, ಎಷ್ಟು ಉಳಿದಿವೆ, ಮುಂದೆ ನಿಲ್ಲುವುದು ಯಾವುದು ಎಂಬುದು ಮಾತ್ರ ಕಂಪೆನಿಯ ಒಳಗಿನವರಿಗಲ್ಲದೆ ತಿಳಿಯದು. ಕಂಪೆನಿ ಖಾಸಗಿಯಾದ್ದರಿಂದ ಲೆಕ್ಕಪತ್ರವನ್ನು ಲೋಕದ ಮುಂದಿಡುವ ಕಟ್ಟಳೆಯೂ ಇರಲಿಲ್ಲ.

ಮುಂದಿನದು ಗೀಳಿನ ಚರಿತ್ರೆ. 1997ರ ಏಪ್ರಿಲಿನಲ್ಲಿ ಮೆಕ್‌ಡೊನಾಲ್ಡ್ಸ್ ಉಪಾಹಾರ ಗೃಹಗಳು ಮಕ್ಕಳ ಊಟದ ಜೊತೆ ಕೊಡಲೆಂದು ತರಿಸಿದ ಸುಮಾರು 10 ಕೋಟಿ ಕಿರುಗೊಂಬೆಗಳು ನಿಗದಿಯಾದ ಅವಧಿಗೂ ಮುನ್ನವೇ ಖಾಲಿಯಾದವು. 1998ರಲ್ಲಿ ಕಂಪೆನಿಯ ಮಾರಾಟ 100 ಕೋಟಿ ಡಾಲರುಗಳನ್ನು ಮೀರಿತು. ಆ ನೆನಪಿಗೆ ನೌಕರರಿಗೆ ಹಂಚಿದ್ದು ‘ಬಿಲಿಯನೇರ್’ ಎಂಬ ಹೆಸರಿನ ಕರಡಿಗೊಂಬೆ! ಅದೇ ವರ್ಷ ಅಮೆರಿಕದ ವಾಣಿಜ್ಯ ಪ್ರತಿನಿಧಿಯಾಗಿದ್ದ ಷಾರ್ಲೀನ್ ಬಾರ್ಷೆಫ್‌ಸ್ಕಿ ಚೀನಾದಿಂದ ಮರಳುವಾಗ ಮಿತಿಮೀರಿ ತಂದ ಗೊಂಬೆಗಳನ್ನು ಒಪ್ಪಿಸಬೇಕಾಗಿ ಬಂತು. 1999ರಲ್ಲಿ ಲಾಸ್ ವೇಗಸ್ ನಗರದ ನ್ಯಾಯಾಲಯವೊಂದರಲ್ಲಿ ವಿಚ್ಛೇದಿತ ದಂಪತಿಗಳು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಗೊಂಬೆಗಳನ್ನು ಒಂದೊಂದಾಗಿ ಹಂಚಿಕೊಂಡ ಛಾಯಾಚಿತ್ರವು ಲೋಕಪ್ರಸಿದ್ಧವಾಯಿತು. ನಗಬೇಕೋ ಮರುಗಬೇಕೋ ತಿಳಿಯದ ಚಿತ್ರವದು.

ಸಾಕ್ಷ್ಯಚಿತ್ರದ ಹೆಚ್ಚುಗಾರಿಕೆಯು ಇಂಥ ಪ್ರಸಂಗಗಳನ್ನು ಪೋಣಿಸಿದ್ದರಲ್ಲಿಲ್ಲ. ಷಿಕಾಗೋ ಬಳಿಯ ನೇಪರ್‌ವಿಲ್ ಊರಿನ ಕೆಲವು ಗೃಹಿಣಿಯರು ಮೊದಲ ಸಂಗ್ರಾಹಕರಾಗಿ, ಅಂಗಡಿಗಳಿಗೆ ದೂರವಾಣಿ ಕರೆ ಮಾಡಿ, ಪಟ್ಟಿ ಬರೆದು, ಬೆಲೆಯ ಕೈಪಿಡಿಗಳನ್ನೂ ಪತ್ರಿಕೆಯನ್ನೂ ಹೊರತಂದು, ಕಂಪೆನಿ ಹೇಳದೆ ಉಳಿಸಿದ್ದನ್ನು ತಾವೇ ಊಹಿಸಿ ಲೋಕಕ್ಕೆ ತಿಳಿಸಿದರು. ನಿರ್ದೇಶಕಿ ಈ ಮಹಿಳೆಯರನ್ನು ಹಾಸ್ಯದ ವಸ್ತುವಾಗಿಸಿಲ್ಲ. ಅವರ ಶ್ರದ್ಧೆ, ಗೆಳೆತನ, ಸಣ್ಣ ಅಸೂಯೆ, ಮೊದಲ ಬಾರಿ ಸ್ವಂತ ಸಂಪಾದನೆ ಕಂಡ ಹಿಗ್ಗು ಎಲ್ಲವೂ ಸಹಾನುಭೂತಿಯಿಂದ ಮೂಡಿವೆ. ಭಾರತೀಯ ಮೂಲದ ಲೀನಾ ತ್ರಿವೇದಿಯವರ ಪ್ರಸಂಗ ಇನ್ನಷ್ಟು ಯೋಚನೆಗೆ ಹಚ್ಚುವಂಥದು. ಸಮಾಜಶಾಸ್ತ್ರದ ವಿದ್ಯಾರ್ಥಿನಿಯಾಗಿ ಕಂಪೆನಿ ಸೇರಿದ ಈಕೆ ಗೊಂಬೆಗಳ ಕಿವಿಯ ಚೀಟಿಯ ಮೇಲಿನ ಪದ್ಯಗಳನ್ನು ಬರೆದರು. ಅಂತರಜಾಲವೆಂದರೇನೆಂದು ಹೆಚ್ಚಿನ ವರ್ತಕರು ಅರಿಯದ ಕಾಲದಲ್ಲಿ ಕಂಪೆನಿಗೆ ಜಾಲತಾಣವನ್ನು ಕಟ್ಟಿಕೊಟ್ಟರು. ಒಡೆಯರು ಕೋಟ್ಯಧೀಶರಾಗುತ್ತಿದ್ದ ಆ ದಿನಗಳಲ್ಲಿ ಈಕೆಯ ಕೂಲಿ ಗಂಟೆಗೆ 12 ಡಾಲರ್.

ವ್ಯಾಪಾರದಲ್ಲಿ ಗುಟ್ಟು ಇರುವುದೇ ತಪ್ಪೆ? ಈ ಸೀಮೆಯವರು ಹಾಗೆನ್ನಲಾರರು. ದನಗಳ ಜಾತ್ರೆಯಲ್ಲಿ ವಲ್ಲಿಯ ಮರೆಯಲ್ಲಿ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ಕಟ್ಟುವ ಪದ್ಧತಿ ಹಳೆಯ ಮೈಸೂರಿನ ರೈತರಿಗೆ ಹೊಸತಲ್ಲ. ಕೊಳ್ಳೇಗಾಲದ ರೇಷ್ಮೆಯ ನೇಕಾರನೂ ತನ್ನ ಬಣ್ಣದ ಹದವನ್ನು ಪಕ್ಕದ ಮಗ್ಗದವನಿಗೆ ಹೇಳಿಕೊಡಲು ಮನಸ್ಸು ಮಾಡದಿರಬಹುದು. ಆದರೆ ವಲ್ಲಿಯ ಕೆಳಗಿನ ಗುಟ್ಟು ಸುತ್ತ ನಿಂತವರಿಗೆ ಮಾತ್ರ ಗುಟ್ಟು. ಕೊಳ್ಳುವವನ ಬೆರಳು ಮಾರುವವನ ಕೈಯಲ್ಲೇ ಇರುತ್ತದೆ. ಎತ್ತಿನ ಹಲ್ಲನ್ನೂ ಸುಳಿಯನ್ನೂ ನೋಡಿದ ಮೇಲಷ್ಟೇ ಬೆರಳಿನ ಮಾತು. ಟೈ ಕಂಪೆನಿಯ ಗುಟ್ಟಿನಲ್ಲಿ ಕತ್ತಲೆಯಲ್ಲಿ ಉಳಿದವನು ಕೊಳ್ಳುವವನೇ. ಅವನು ತೆರುತ್ತಿದ್ದ ಬೆಲೆಯ ಬಹುಭಾಗ ವಿರಳತೆಗೆ, ಆ ವಿರಳತೆಯ ಅಳತೆಯೋ ಅವನಿಗೆ ಗೊತ್ತಿಲ್ಲ. ಈ ವ್ಯತ್ಯಾಸವನ್ನು ಚಿತ್ರವು ಸೂಚಿಸುತ್ತದೆಯೇ ಹೊರತು ಹಿಡಿದು ನಿಲ್ಲಿಸಿ ನೋಡುವುದಿಲ್ಲ.

ಇದಕ್ಕೆ ಹತ್ತಿರದ ಕಥೆಯೊಂದು ಹನೂರಿನ ಗಡಿಯಾಚೆಯೇ ನಡೆಯಿತು. ಗರಿಕೆಕಂಡಿಯಿಂದ ಬರಗೂರು ಬೆಟ್ಟ ದಾಟಿ ಇಳಿದರೆ ಸಿಗುವ ಈರೋಡು ಜಿಲ್ಲೆಯ ಪೆರುಂದುರೈಯಲ್ಲಿ ಸುಸಿ ಎಮು ಫಾರ್ಮ್ಸ್ ಎಂಬ ಕಂಪೆನಿಯು ಎಮು ಹಕ್ಕಿಯ ಮರಿಗಳನ್ನು ಕೊಟ್ಟು, ಸಾಕಿದವರಿಗೆ ತಿಂಗಳು ತಿಂಗಳು ಹಣ ಕೊಡುವುದಾಗಿ ನಂಬಿಸಿ ಸಾವಿರಾರು ಜನರ ಠೇವಣಿ ಕಟ್ಟಿಸಿಕೊಂಡಿತು. 2012ರ ಆಗಸ್ಟಿನಲ್ಲಿ ಅದು ಕುಸಿಯಿತು. ಹಕ್ಕಿಯ ಮಾಂಸಕ್ಕೋ ಎಣ್ಣೆಗೋ ನಿಜವಾದ ಗಿರಾಕಿ ಇದ್ದನೇ ಎಂದು ಕೇಳುವವರೇ ಇರಲಿಲ್ಲ. ಮುಂದಿನ ಠೇವಣಿದಾರನೇ ಹಿಂದಿನವನ ಲಾಭವಾಗಿದ್ದನು. ಕಂಪೆನಿ ಬಿದ್ದಾಗ ಹಣ ಕಳೆದುಕೊಂಡವರ ಗೋಳು ಪತ್ರಿಕೆಗಳಲ್ಲಿ ಬಂತು. ಆ ಮೂಕ ಜೀವಗಳು ಮೇವಿಲ್ಲದೆ ಬೇಲಿಯೊಳಗೆ ನಿಂತದ್ದು, ಕಡೆಗೆ ತಮಿಳುನಾಡು ಸರ್ಕಾರವೇ ಮೇವಿನ ಹೊಣೆ ಹೊರಬೇಕಾದದ್ದು ಬಹುಮಂದಿಯ ನೆನಪಿನಿಂದ ಮಾಸಿದೆ. ಎರಡು ಪ್ರಕರಣಗಳೂ ಒಂದೇ ಎನ್ನುವುದು ಅನ್ಯಾಯವಾದೀತು. ಎಮು ಕಂಪೆನಿ ಬಾಯಿಬಿಟ್ಟು ಲಾಭದ ಮಾತು ಕೊಟ್ಟಿತ್ತು. ವಾರ್ನರ್ ಅವರ ಕಂಪೆನಿ ಯಾರಿಗೂ ಲಾಭದ ಭರವಸೆ ಕೊಟ್ಟದ್ದಿಲ್ಲ, ಸುಮ್ಮನಿತ್ತು. ಭರವಸೆ ಮಾಡಬೇಕಾದ ಕೆಲಸವನ್ನೆಲ್ಲ ಆ ಮೌನವೇ ಮಾಡಿತು. ನ್ಯಾಯಾಲಯ ಹಿಡಿಯಲಾರದ ಇಂಥ ಮೌನವನ್ನು ಧರ್ಮವಿಚಾರವು ಹೇಗೆ ಕಾಣಬೇಕೆಂಬುದು ಸುಲಭವಾದ ಪ್ರಶ್ನೆಯಲ್ಲ.

ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸಿದ ಆಚಾರ್ಯರು ಸುಳ್ಳು ಬರಹವಾದ ಕೂಟಲೇಖಕ್ರಿಯೆಯನ್ನು ಹೇಳಿದಂತೆಯೇ, ಏಕಾಂತದ ವಿಷಯವನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನವನ್ನೂ ದೋಷವೆಂದಿದ್ದಾರೆ. ಹೀಗಾಗಿ ಒಳಗಿನ ಮಾತನ್ನು ಹೊರಗೆ ಹೇಳಿದ ಮಾತ್ರಕ್ಕೆ ಸಾಕ್ಷ್ಯಚಿತ್ರವೊಂದು ಸತ್ಯದ ಪಕ್ಷವಾಗಿಬಿಡುವುದಿಲ್ಲ. ಒಡೆಯನ ಮನೆಯ ಒಳಜಗಳ, ಅವನ ವೇಷಭೂಷಣ, ವಿಚಿತ್ರ ಸ್ವಭಾವ ಇವುಗಳ ಕಡೆಗೆ ವಾಲಿದಾಗಲೆಲ್ಲ ಚಿತ್ರವು ತನ್ನ ಮಟ್ಟದಿಂದ ಜಾರುತ್ತದೆ. ಕೂಲಿಯ ದರ, ಸರಕಿನ ಸಂಖ್ಯೆ, ಅಂಗಡಿಕಾರರ ಮೇಲಿನ ನಿರ್ಬಂಧ ಇವು ಮಾತ್ರ ಏಕಾಂತದ ವಿಷಯಗಳಲ್ಲ. ಅವು ಹೊರಬರಬೇಕಾದವು.

ವಾರ್ನರ್ ಕ್ಯಾಮೆರಾದ ಮುಂದೆ ಬಂದು ಕೂರಲಿಲ್ಲ. ಇದು ನಿರ್ದೇಶಕಿಯ ದೋಷವಲ್ಲ. ಆದರೆ ಬಾರದವನ ಸುತ್ತ ಚಿತ್ರವು ಒಂದು ಮಾಯೆಯನ್ನೇ ಹೆಣೆದುಬಿಟ್ಟಿದೆ. ಕಾಣದ ಗೊಂಬೆಗೆ ಬೆಲೆ ಏರಿಸಿದ ಯುಕ್ತಿಯೇ ಇಲ್ಲಿ ಕಾಣದ ಮನುಷ್ಯನಿಗೂ ಬೆಲೆ ಏರಿಸಿದೆಯಲ್ಲ! ಗುಟ್ಟನ್ನು ಒಡೆಯಲು ಹೊರಟ ಕೃತಿಯು ಗುಟ್ಟಿನ ಸೊಗಸಿಗೆ ತಾನೇ ಸೋತಂತಿದೆ. ಹಾಗೆಯೇ ಚಿತ್ರ ಮುಗಿದ ಮೇಲೆ ಮನಸ್ಸಿನಲ್ಲಿ ನಿಲ್ಲುವ ಮುಖಗಳೆಲ್ಲ ಕೊಂಡವರವು ಮತ್ತು ಮಾರಿದವರವು. ದೂರದ ಚೀನಾದಲ್ಲಿ ಕುಳಿತು ಅಷ್ಟೊಂದು ಗೊಂಬೆಗಳನ್ನು ಹೊಲಿದ ಕೈಗಳು ನೆನಪಿನಲ್ಲಿ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ ತೆರಿಗೆಯ ಪ್ರಕರಣಕ್ಕೆ ದೊರೆತ ಸ್ಥಳ. ವಾರ್ನರ್ 1996ರಲ್ಲಿ ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕಿನಲ್ಲಿ ಗುಪ್ತ ಖಾತೆ ತೆರೆದು, ಅದರ ವರಮಾನವನ್ನು ಸರ್ಕಾರದಿಂದ ಮರೆಮಾಚಿದ್ದರು. 2013ರ ಅಕ್ಟೋಬರಿನಲ್ಲಿ ತಪ್ಪೊಪ್ಪಿಕೊಂಡರು. 5 ಕೋಟಿ 30 ಲಕ್ಷ ಡಾಲರಿಗೂ ಮೀರಿದ ದಂಡವನ್ನು ತೆತ್ತರು. ಶಿಕ್ಷೆಯ ಮಾರ್ಗಸೂಚಿಯಂತೆ 46 ತಿಂಗಳಿಂದ 57 ತಿಂಗಳವರೆಗೆ ಸೆರೆವಾಸವಾಗಬಹುದಿತ್ತು. 2014ರ ಜನವರಿಯಲ್ಲಿ ನ್ಯಾಯಾಧೀಶರಾದ ಚಾರ್ಲ್ಸ್ ಕೊಕೊರಾಸ್ ಸೆರೆವಾಸವಿಲ್ಲದೆ ಎರಡು ವರ್ಷಗಳ ನಿಗಾವಣೆಯನ್ನೂ 500 ಗಂಟೆಗಳ ಸಮಾಜಸೇವೆಯನ್ನೂ ವಿಧಿಸಿದರು. ಕಾರಣವಾಗಿ ಮುಂದಿಟ್ಟದ್ದು ವಾರ್ನರ್ ಮಾಡಿದ್ದ ದಾನಧರ್ಮಗಳನ್ನು. ಅವುಗಳಲ್ಲಿ ಹಲವು ಸದ್ದಿಲ್ಲದೆ ಮಾಡಿದವೆಂಬುದು ವಿಶೇಷವಾಗಿ ಮೆಚ್ಚುಗೆ ಪಡೆಯಿತು. ಸರ್ಕಾರ ಮೇಲ್ಮನವಿ ಸಲ್ಲಿಸಿದರೂ 2015ರಲ್ಲಿ ಮೇಲಿನ ನ್ಯಾಯಾಲಯ ಈ ಶಿಕ್ಷೆಯನ್ನೇ ಎತ್ತಿಹಿಡಿಯಿತು.

ಬಸದಿಗಳ ಆಡಳಿತ ನೋಡುವವರು ಈ ತೀರ್ಪನ್ನು ನಿಧಾನವಾಗಿ ಓದಬೇಕು. ರಸೀದಿ ಪುಸ್ತಕದಲ್ಲಿ ‘ಗುಪ್ತದಾನ’ವೆಂದು ಬರೆಸುವವನು ಹೆಸರನ್ನು ಬಿಡುತ್ತಾನೆ, ಹೆಸರಿನಿಂದ ಬರುವ ಮನ್ನಣೆಯನ್ನೂ ಬಿಡುತ್ತಾನೆ, ಆ ಮರೆಯಲ್ಲಿ ತ್ಯಾಗವಿದೆ. ಗುಪ್ತ ಖಾತೆಯ ಮರೆಯಲ್ಲಿ ಇರುವುದು ಅದರ ವಿರುದ್ಧವಾದದ್ದು. ವಾರ್ನರ್ ಅವರ ಬದುಕಿನಲ್ಲಿ ಎರಡೂ ಒಟ್ಟಿಗಿದ್ದವು. ಶಿಕ್ಷೆಯ ದಿನ ಮೊದಲನೆಯದನ್ನು ಬಯಲಿಗೆ ತಂದು ಎರಡನೆಯದಕ್ಕೆ ಕೊಡೆ ಹಿಡಿಯಲಾಯಿತು. ಆ ದಾನವನ್ನು ಪಡೆದ ರೋಗಿಗೂ ಶಾಲೆಗೂ ಉಪಕಾರವಾದದ್ದು ಸುಳ್ಳಲ್ಲ. ಆದರೆ ರಾಜ್ಯದ ಕಟ್ಟಳೆಯನ್ನು ಮೀರಿ ಉಳಿಸಿದ ಹಣವನ್ನು ಅಚೌರ್ಯದ ಅತಿಚಾರವೆಂದು ಎಣಿಸಿದ ಪರಂಪರೆಯಲ್ಲಿ, ಅಂಥ ಹಣದ ಒಡೆಯನ ದಾನಕ್ಕೆ ಎಷ್ಟು ತೂಕವೆಂಬ ಪ್ರಶ್ನೆ ಬಾಕಿ ಉಳಿಯುತ್ತದೆ. ಗೋಪುರಕ್ಕೋ ಛತ್ರಕ್ಕೋ ದೊಡ್ಡ ಮೊತ್ತ ಬಂದಾಗ ಮೂಲವನ್ನು ವಿಚಾರಿಸುವುದು ದಾನಿಗೆ ಮಾಡಿದ ಅವಮಾನವೆಂದು ಬಗೆಯುವ ಸಂಕೋಚ ಎಲ್ಲೆಡೆಯೂ ಇದೆ. ಷಿಕಾಗೋ ನ್ಯಾಯಾಲಯದ ಪ್ರಸಂಗ ಆ ಸಂಕೋಚವನ್ನು ಸಡಿಲಿಸಲು ಸಾಕು. ಇಷ್ಟು ಸತ್ವವುಳ್ಳ ಭಾಗವನ್ನು ನಿರ್ದೇಶಕಿ ಬೆಳೆಸದೆ ಬಿಟ್ಟದ್ದು ಚಿತ್ರಕ್ಕಾದ ನಷ್ಟ.

ಮಕ್ಕಳು ಈ ಕಥೆಯಲ್ಲಿ ಎಲ್ಲಿ? ಸಂಗ್ರಾಹಕರು ಗೊಂಬೆಯ ಕಿವಿಯ ಚೀಟಿ ಮುದುಡಬಾರದೆಂದು ಅದಕ್ಕೆ ಪ್ಲಾಸ್ಟಿಕ್ ಕವಚ ತೊಡಿಸಿ, ಗೊಂಬೆಯನ್ನು ಗಾಜಿನಂಥ ಡಬ್ಬಿಯೊಳಗಿಟ್ಟು, ಮುಟ್ಟದಂತೆ ಕಾಯ್ದರು. ಮೈಸೂರು ಸೀಮೆಯ ಮನೆಗಳಲ್ಲಿಯೂ ಪಟ್ಟದ ಗೊಂಬೆಗಳು ವರ್ಷವೆಲ್ಲ ಪೆಟ್ಟಿಗೆಯಲ್ಲಿ ಮಲಗಿರುತ್ತವೆ. ದಸರೆಗೆ ಎದ್ದು ಕುಳಿತು, ನೆರೆಮನೆಯ ಮಕ್ಕಳಿಗೆಲ್ಲ ಬೊಂಬೆ ಬಾಗಿನ ಕೊಡಿಸಿ, ಮತ್ತೆ ಮಲಗುತ್ತವೆ. ಅಲ್ಲಿ ಕಾಯ್ದಿಡುವಿಕೆ ಇದೆ, ನಾಳೆಯ ಬೆಲೆಯ ಕನವರಿಕೆಯಿಲ್ಲ. ಆಲೆಮರದ ತುಂಡು ತಿರುಗಣಿಯ ಮೇಲೆ ಗೊಂಬೆಯಾಗಿ ಅರಗಿನ ಬಣ್ಣ ಪಡೆಯುವುದನ್ನು ಚನ್ನಪಟ್ಟಣದಲ್ಲಿ ಯಾರು ಬೇಕಾದರೂ ನಿಂತು ನೋಡಬಹುದು. ಕುಶಲಕರ್ಮಿಯ ಕೈಗೆ ಸೇರುವ ಪಾಲು ಅಲ್ಲಿಯೂ ಹೆಚ್ಚಲ್ಲವೆಂಬುದನ್ನು ಮರೆತು ಹೊಗಳುವುದು ಬೇಡ. 2021ರ ಜನವರಿಯಲ್ಲಿ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ದೊಡ್ಡ ಆಟಿಕೆ ಉದ್ಯಮ ಸಮುಚ್ಚಯಕ್ಕೆ ಶಂಕುಸ್ಥಾಪನೆಯಾಯಿತು. ಅದೇ ತಿಂಗಳಿಂದ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಆ ಗುರುತು ಬಣ್ಣದಲ್ಲಿ ವಿಷವಿಲ್ಲವೆಂದು ಹೇಳುತ್ತದೆ. ಹೊಲಿದವಳ ಕೂಲಿ ಎಷ್ಟೆಂದು ಹೇಳುವುದಿಲ್ಲ.

ಚಿತ್ರದ ಅವಧಿ ಒಂದೂಕಾಲು ಗಂಟೆಗೆ ಸ್ವಲ್ಪ ಹೆಚ್ಚು. ಮನೆಮಂದಿ ಕೂಡಿ ನೋಡಲು ತೊಡಕಿಲ್ಲ; ಹದಿಹರೆಯದ ಮಕ್ಕಳಿಗೆ ತೋರಿಸಿ ನಡುನಡುವೆ ನಿಲ್ಲಿಸಿ ಮಾತನಾಡುವುದಾದರೆ ಮತ್ತೂ ಒಳಿತು. ನಿಲ್ಲಿಸಲು ತಕ್ಕ ಜಾಗ 1999ರ ಕಥೆ. ಆ ವರ್ಷದ ಕೊನೆಗೆ ಎಲ್ಲ ಗೊಂಬೆಗಳನ್ನೂ ನಿಲ್ಲಿಸಿಬಿಡುವುದಾಗಿ ಆಗಸ್ಟಿನಲ್ಲಿ ಕಂಪೆನಿ ಸಾರಿತು. ‘ದಿ ಎಂಡ್’ ಎಂಬ ಕರಿಯ ಕರಡಿಯನ್ನೂ ಮಾರಿತು. ಡಿಸೆಂಬರಿನಲ್ಲಿ, ಮುಂದುವರಿಸಬೇಕೇ ಬೇಡವೇ ಎಂದು ಗಿರಾಕಿಗಳಿಂದ ಮತ ಕೇಳಿತು. ಒಂದು ಮತಕ್ಕೆ 50 ಸೆಂಟ್. ಬಂದ ಹಣ ಏಡ್ಸ್ ಪೀಡಿತ ಮಕ್ಕಳ ನೆರವಿಗೆ. ಜನರು ಹಣ ಕೊಟ್ಟು, ಮುಂದುವರಿಸಿ ಎಂದರು. ಹೊಸ ವರ್ಷದಲ್ಲಿ ಹೊಸ ಗೊಂಬೆಗಳು ಅಂಗಡಿಗೆ ಬಂದವು. ಹಳೆಯವುಗಳ ಬೆಲೆ ಆ ಹೊತ್ತಿಗಾಗಲೇ ಇಳಿಯತೊಡಗಿತ್ತು.