ಎರಡು ಮೈಕಟ್ಟಿನ ಸ್ಟ್ರಿಂಗ್

ಲಿನಕ್ಸ್‌ನಲ್ಲಿ ಸಿ++ ಬರೆಯುವವರು ಲಿಂಕರ್‌ನ ಈ ದೂರನ್ನು ಒಂದಲ್ಲ ಒಂದು ದಿನ ಕೇಳಿಯೇ ಇರುತ್ತಾರೆ: ಇಂಥ ಫಂಕ್ಷನ್ ಎಲ್ಲೂ ಸಿಗುತ್ತಿಲ್ಲ. ಲೈಬ್ರರಿಯಲ್ಲಿ ಫಂಕ್ಷನ್ ಇದೆ, ಹೆಡರ್ ಸರಿಯಿದೆ, ಹೆಸರಿನಲ್ಲಿ ತಪ್ಪಿಲ್ಲ, ಆದರೂ ಸಿಗುತ್ತಿಲ್ಲ. ಸಂದೇಶವನ್ನು ನಿಧಾನವಾಗಿ ಓದಿದರೆ ಸ್ಟ್ರಿಂಗ್‌ನ ಹೆಸರಿನ ನಡುವೆ ‘ಸಿಎಕ್ಸ್ಎಕ್ಸ್11’ ಎಂಬ ತುಣುಕೊಂದು ತೂರಿಕೊಂಡಿರುವುದು ಕಾಣುತ್ತದೆ. ಬಹುಮಂದಿ ಅದನ್ನು ಶಪಿಸುತ್ತಾರೆ. ನನಗೆ ಅದರ ಮೇಲೆ ಬಹಳ ಗೌರವ.

ಕಂಪೈಲರ್‌ನ ಹೊಸ ಆವೃತ್ತಿ ಬಂದಾಗ ನಮ್ಮ ಕೋಡ್ ಮತ್ತೆ ಕಂಪೈಲ್ ಆದರೆ ಸಾಲದು. ಹಳೆಯ ಆವೃತ್ತಿಯಲ್ಲಿ ಕಂಪೈಲ್ ಆಗಿ ಕೂತಿರುವ, ಮೂಲ ಕೋಡ್ ನಮ್ಮ ಕೈಯಲ್ಲಿಲ್ಲದ ಲೈಬ್ರರಿಗಳೂ ಹೊಸದರ ಜೊತೆ ಕೆಲಸ ಮಾಡಬೇಕು. ಯಾವ ವಸ್ತು ಎಷ್ಟು ಬೈಟ್, ಅದರೊಳಗೆ ಏನು ಎಲ್ಲಿದೆ, ಫಂಕ್ಷನ್‌ನ ಹೆಸರು ಕಡತದಲ್ಲಿ ಹೇಗೆ ದಾಖಲಾಗುತ್ತದೆ ಎಂಬ ಈ ಒಡಂಬಡಿಕೆಯೇ ಎಬಿಐ. ಜಿಸಿಸಿಯಲ್ಲಿ ಇದು ಮೊದಲು ಪದೇ ಪದೇ ಮುರಿಯುತ್ತಿತ್ತು. 2001ರ 3.0 ಆವೃತ್ತಿ ಹೊಸ ಒಡಂಬಡಿಕೆ ತಂದಿತು, 2002ರ 3.2 ಅದರ ದೋಷ ತಿದ್ದಲು ಮತ್ತೆ ಮುರಿಯಿತು. 2004ರ 3.4ರೊಂದಿಗೆ ಲಿಬ್‌ಎಸ್‌ಟಿಡಿಸಿ++ ಲೈಬ್ರರಿಯ ಕಡತಕ್ಕೆ ‘ಎಸ್ಒ.6’ ಎಂಬ ಬಾಲ ಬಂತು. ಆ 6 ಇಂದಿಗೂ 6 ಆಗಿಯೇ ಇದೆ.

ಅದು 7 ಆಗದಂತೆ ತಡೆದದ್ದು 2015ರ ಜಿಸಿಸಿ 5. ಹಳೆಯ ಸ್ಟ್ರಿಂಗ್ ಎಂದರೆ ಬರೀ ಒಂದು ಪಾಯಿಂಟರ್, 64 ಬಿಟ್ ಯಂತ್ರದಲ್ಲಿ 8 ಬೈಟ್. ಪ್ರತಿ ಮಾಡಿದರೆ ಅಕ್ಷರಗಳು ನಕಲಾಗುತ್ತಿರಲಿಲ್ಲ; ಇಬ್ಬರೂ ಒಂದೇ ಜಾಗ ಹಂಚಿಕೊಂಡು, ಯಾರಾದರೂ ತಿದ್ದಿದಾಗಷ್ಟೇ ಬೇರೆಯಾಗುತ್ತಿದ್ದರು. ಸೊಗಸಾದ ಉಪಾಯವೇ. ಆದರೆ ಮೊದಲ ಅಕ್ಷರವನ್ನು ಸುಮ್ಮನೆ ಓದಹೊರಟರೂ ಒಳಗೊಳಗೇ ಹೊಸ ಪ್ರತಿ ಹುಟ್ಟಿಬಿಡಬಹುದಿತ್ತು, ಆಗ ಮೊದಲೇ ಹಿಡಿದಿಟ್ಟುಕೊಂಡ ಪಾಯಿಂಟರ್ ಹಳೆಯ ಜಾಗವನ್ನೇ ತೋರಿಸುತ್ತಿತ್ತು. ಸಿ++11 ಮಾನಕ ಇದಕ್ಕೆ ಅವಕಾಶ ಕೊಡಲಿಲ್ಲ. ಹಾಗಾಗಿ ಬಂದ ಹೊಸ ಸ್ಟ್ರಿಂಗ್ 32 ಬೈಟ್‌ನದು: 8 ಪಾಯಿಂಟರ್‌ಗೆ, 8 ಉದ್ದಕ್ಕೆ, ಉಳಿದ 16 ಚಿಕ್ಕ ಪದಗಳನ್ನು ತನ್ನೊಳಗೇ ಇಟ್ಟುಕೊಳ್ಳಲು. ಕೊನೆಯ ಸೊನ್ನೆ ಬಿಟ್ಟರೆ 15 ಬೈಟ್ ಜಾಗ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಕೊಂಬು ಗುಡಿಸುಗಳಿಗೂ ಸಹ. ‘ಉಡುಪಿ’ ಎಂಬುದರಲ್ಲಿ ಉ, ಡ, ಕೊಂಬು, ಪ, ಗುಡಿಸು ಸೇರಿ ಸರಿಯಾಗಿ 15, ಒಳಗೇ ಕೂರುತ್ತದೆ. ‘ಮೈಸೂರು’ 18; ಅದಕ್ಕೆ ಹೊರಗೆ ಬೇರೆ ಜಾಗ ಕೇಳಬೇಕು.

8 ಬೈಟ್ ಎಂದು ನಂಬಿರುವ ಕೋಡ್‌ನ ಕೈಗೆ 32 ಬೈಟ್‌ನ ವಸ್ತು ಬಂದರೆ ಮೆಮೊರಿ ಕಲಸಿಹೋಗುತ್ತದೆ. ಬಾಲವನ್ನು 7 ಮಾಡಿದರೆ ಒಂದೇ ಪ್ರೋಗ್ರಾಂನೊಳಗೆ ಎರಡೂ ಲೈಬ್ರರಿ ಲೋಡ್ ಆಗಿ ಬೇರೆಯದೇ ಗೊಂದಲ. ಜಿಸಿಸಿಯವರು ಮೂರನೆಯ ದಾರಿ ಹಿಡಿದರು. ಎರಡು ಸ್ಟ್ರಿಂಗ್‌ಗಳನ್ನೂ ಒಂದೇ ಲೈಬ್ರರಿಯಲ್ಲಿಟ್ಟು, ಹೊಸದರ ದಾಖಲೆಯ ಹೆಸರಿಗೆ ‘ಸಿಎಕ್ಸ್ಎಕ್ಸ್11’ ಸೇರಿಸಿದರು. ಕೋಡ್ ಬರೆಯುವವರಿಗೆ ಅದು ಈಗಲೂ ಬರೀ ಸ್ಟ್ರಿಂಗ್. ಹಳೆಯದು ಹೊಸದು ಬೆರೆತರೆ ಹೆಸರು ಹೊಂದದೆ ಲಿಂಕರ್ ಅಲ್ಲೇ ತಡೆಯುತ್ತದೆ. ನಾವು ಶಪಿಸುವ ಆ ದೂರು ನಿಜಕ್ಕೂ ನಮ್ಮನ್ನು ಕಾಯುತ್ತಿದೆ.

ಈ ಕಾವಲಿನಲ್ಲೂ ಒಂದು ಸಂದಿಯಿದೆ. ಸ್ಟ್ರಿಂಗ್ ಯಾವುದಾದರೂ ಸ್ಟ್ರಕ್ಟ್‌ನ ಒಳಗೆ ಅಡಗಿದ್ದು, ಫಂಕ್ಷನ್ ಆ ಸ್ಟ್ರಕ್ಟ್‌ನ ಪಾಯಿಂಟರ್ ತೆಗೆದುಕೊಂಡರೆ, ಹೆಸರಿನಲ್ಲಿ ಸ್ಟ್ರಿಂಗ್‌ನ ಸುಳಿವೇ ಇರುವುದಿಲ್ಲ. ಲಿಂಕ್ ಸಲೀಸಾಗಿ ಆಗುತ್ತದೆ, ಓಡುವಾಗ ಕುಸಿಯುತ್ತದೆ. ಇಂಥ ದೋಷ ಹುಡುಕುವ ಕಷ್ಟ ಹುಡುಕಿದವರಿಗೇ ಗೊತ್ತು. ಇನ್ನೊಂದು ಕಡೆ ತೋರಿದ ಜಾಣ್ಮೆ ಮಾತ್ರ ನನಗೆ ಎಲ್ಲಕ್ಕಿಂತ ಇಷ್ಟ: ರನ್‌ಟೈಮ್ ಎರರ್‌ನಂಥ ಎಕ್ಸೆಪ್ಷನ್‌ಗಳ ಒಳಗೆ ಇವತ್ತಿಗೂ ಹಳೆಯ ಸ್ಟ್ರಿಂಗನ್ನೇ ಉಳಿಸಿದ್ದಾರೆ. ಹಳೆಯ ಲೈಬ್ರರಿ ಎಸೆದ ಎಕ್ಸೆಪ್ಷನನ್ನು ಹೊಸ ಕೋಡ್ ಹಿಡಿಯಬಲ್ಲದು.

ಈ ಹೊರಳುವಿಕೆಗೆ ಎಷ್ಟು ಕಾಲ ಹಿಡಿಯಿತು ನೋಡಿ. ಡೆಬಿಯನ್ 2015ರಲ್ಲೇ ನೂರಾರು ಪ್ಯಾಕೇಜ್‌ಗಳ ಹೆಸರಿಗೆ ‘ವಿ5’ ಅಂಟಿಸಿ ಹೊಸದಕ್ಕೆ ಬಂತು. ಪೈಟಾರ್ಚ್‌ನ ಲಿನಕ್ಸ್ ಪ್ಯಾಕೇಜ್‌ಗಳು ಪೂರ್ತಿ ಬಂದದ್ದು 2025ರಲ್ಲಿ.

ಇಷ್ಟೆಲ್ಲ ಹಳೆಯದನ್ನು ಹೊತ್ತು ಸಾಗಬೇಕೇ ಎಂದು ಕೇಳುವವರಿದ್ದಾರೆ. 2020ರಲ್ಲಿ ಪ್ರಾಗ್‌ನಲ್ಲಿ ಸೇರಿದ್ದ ಸಿ++ ಸಮಿತಿಯಲ್ಲೂ ಇದೇ ಜಿಜ್ಞಾಸೆ. ಸಿ++23ರಲ್ಲಿ ಎಬಿಐಯನ್ನು ದೊಡ್ಡದಾಗಿ ಮುರಿಯಲು ಒಪ್ಪಿಗೆ ಸಿಗಲಿಲ್ಲ. ಮುರಿಯದಿರುವುದಕ್ಕೆ ಬೆಲೆಯಿದೆ, ಸ್ಟ್ಯಾಂಡರ್ಡ್ ಲೈಬ್ರರಿಯ ರೆಜೆಕ್ಸ್ ಇನ್ನೂ ನಿಧಾನವಾಗಿರುವುದಕ್ಕೆ ಅದೂ ಒಂದು ಕಾರಣ. ಆದರೂ ನಾನು ಮುರಿಯಬೇಡಿ ಎನ್ನುವವರ ಕಡೆ. ರೆಜೆಕ್ಸ್‌ಗೆ ವೇಗದ ಬದಲಿ ಲೈಬ್ರರಿಗಳು ಬೇಕಾದಷ್ಟಿವೆ. ಮೂಲ ಕೋಡ್ ಕಳೆದುಹೋದ ಪ್ರೋಗ್ರಾಂಗೆ ಬದಲಿಯಿಲ್ಲ.

ನಿಮ್ಮ ಕೈಗೆ ಬಂದ ಲೈಬ್ರರಿ ಯಾವ ಬಗೆಯದೆಂದು ತಿಳಿಯಲು ‘ಎನ್ಎಂ’ ಕಮಾಂಡಿನ ಪಟ್ಟಿಯಲ್ಲಿ ‘ಸಿಎಕ್ಸ್ಎಕ್ಸ್11’ ಹುಡುಕಿ. ಸ್ಟ್ರಿಂಗ್ ಬಳಸುವ ಫಂಕ್ಷನ್‌ಗಳ ಹೆಸರಿನಲ್ಲಿ ಅದಿಲ್ಲದಿದ್ದರೆ ಹಳೆಯದು; ನಿಮ್ಮ ಕೋಡನ್ನೂ ಎಬಿಐ ಮ್ಯಾಕ್ರೋಗೆ 0 ಕೊಟ್ಟು ಕಂಪೈಲ್ ಮಾಡಿದರೆ ಎರಡೂ ಕೂಡುತ್ತವೆ. ಭಾಷೆಯ ಆವೃತ್ತಿಯನ್ನು ಸಿ++98ಕ್ಕೆ ಇಳಿಸಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.