ಮಿಠಾಯಿವಾಲಾನ ಮನೆ

ಮಾಲ್ಗುಡಿ ಡೇಸ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಸ್ವಾಮಿ. ಪಾಟಿಚೀಲ, ಗೆಳೆಯರ ಜೋಡಿ ಜಗಳ, ರಾತ್ರಿಯಾದರೆ ಅಜ್ಜಿಯ ಮಗ್ಗುಲಿಗೆ ಹೋಗಿ ಮಲಗುವ ಆ ಹುಡುಗ. ಅದೇ ಧಾರಾವಾಹಿಯಲ್ಲಿ ಹಲವು ಕಂತುಗಳಾಗಿ ಬಂದ ‘ಮಿಠಾಯಿವಾಲಾ’ನ ಮಾತು ತೆಗೆದರೆ, “ಹೌದಲ್ಲಾ, ಅದೊಂದಿತ್ತು” ಎಂದು ಸುಮ್ಮನಾಗುತ್ತಾರೆ. ನಾನೂ ಹಾಗೆಯೇ ಇದ್ದೆ. ಕೆಲವು ವರ್ಷದ ಹಿಂದೆ ಮಗ ಇಡೀ ಧಾರಾವಾಹಿಯ ಡಿವಿಡಿ ಪೆಟ್ಟಿಗೆ ತಂದುಕೊಟ್ಟಾಗ ಸ್ವಾಮಿಯ ಡಿಸ್ಕುಗಳನ್ನು ಗೀರು ಬೀಳುವಷ್ಟು ಸಲ ಹಾಕಿ ನೋಡಿದೆ. ಮಿಠಾಯಿವಾಲಾ ಪೆಟ್ಟಿಗೆಯ ತಳದಲ್ಲಿ ಹಾಗೇ ಉಳಿದಿತ್ತು. ಈ ಮಳೆಗಾಲದಲ್ಲಿ ಕಾಲು ಉಳುಕಿ ಹದಿನೈದು ದಿನ ಮಂಚ ಬಿಟ್ಟು ಇಳಿಯಬಾರದೆಂದಾಗ ಅದನ್ನು ಹೊರಗೆ ತೆಗೆದೆ.

ಮೊದಲ ಸಲ ನಾವು ಮಾಲ್ಗುಡಿ ನೋಡಿದ್ದು 1987ರಲ್ಲಿ, ನವಲಗುಂದಕ್ಕೆ ನಾನು ಸೊಸೆಯಾಗಿ ಬಂದು ವರ್ಷವಾಗಿರಲಿಲ್ಲ. ಓಣಿಯಲ್ಲಿ ಟಿ.ವಿ. ಇದ್ದದ್ದು ಎರಡೇ ಮನೆಯಲ್ಲಿ. ಮಾಳಿಗೆಯ ಮೇಲೆ ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿದ್ದರು. ಗಾಳಿ ಬಿಟ್ಟರೆ ಯಾರಾದರೂ ಮೇಲೆ ಹತ್ತಿ ತಿರುಗಿಸಬೇಕು, ಕೆಳಗಿನಿಂದ ನಾವು “ಬಂತು, ಹೋತು” ಎಂದು ಕೂಗಬೇಕು. ಅವರ ಪಡಸಾಲೆಯಲ್ಲಿ ನಮ್ಮೂರದೇ ಜಮಖಾನೆ ಹಾಸಿದ್ದರು, ನಡುವೆ ಪಗಡಿ ಹಾಸಿನ ಚಿತ್ರ. ಹೆಂಗಸರೆಲ್ಲ ಅದರ ಮೇಲೆ. ನಮ್ಮ ಅತ್ತೆಗೆ ಹಿಂದಿಯ ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ಆದರೂ ಒಂದು ವಾರ ಬಿಡಲಿಲ್ಲ. “ಮಾತು ಯಾಕ ಬೇಕಾ ನಮ್ಮವ್ವಾ, ಮಾರಿ ನೋಡಿದ್ರ ತಿಳಿತೈತಿ” ಅನ್ನುವರು. ಆಗುಂಬೆಯ ಮಳೆ ಕಂಡಾಗ ಮಾತ್ರ ನಿಟ್ಟುಸಿರು ಬಿಡುವರು. ನೀಲಮ್ಮನ ಕೆರೆಯಿಂದ ಕೊಡ ಹೊತ್ತವರಿಗೆ ಅಷ್ಟು ನೀರು ಸುಮ್ಮನೆ ಹರಿದುಹೋಗುವುದು ನೋಡಲಿಕ್ಕಾಗುತ್ತಿರಲಿಲ್ಲ.

ಮಾತು ತಿಳಿಯದಿದ್ದರೂ ಆ ಮುಖಗಳು ನಮ್ಮವಲ್ಲವೇ. ಕತೆ ಬರೆದವರು ಮೈಸೂರಿನ ಆರ್.ಕೆ. ನಾರಾಯಣ, ಇಂಗ್ಲಿಷಿನಲ್ಲಿ. ಧಾರಾವಾಹಿಯ ಚಿತ್ರ ಬರೆದವರು ಅವರ ತಮ್ಮ ಆರ್.ಕೆ. ಲಕ್ಷ್ಮಣ. ನಿರ್ಮಾಪಕರು ಟಿ.ಎಸ್. ನರಸಿಂಹನ್. ನಿರ್ದೇಶನ ಶಂಕರನಾಗರದು, ಆಗ ಅವರಿಗೆ ಮೂವತ್ತು ದಾಟಿ ಒಂದೆರಡು ವರ್ಷವಷ್ಟೇ. ಸ್ವಾಮಿಯ ಅಪ್ಪ ನಮ್ಮ ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು, ಅವ್ವ ವೈಶಾಲಿ ಕಾಸರವಳ್ಳಿ. ಎಲ್. ವೈದ್ಯನಾಥನ್ ಅವರ ರಾಗ ಕೇಳಿದರೆ ಈಗಲೂ ಒಲೆಯ ಮೇಲಿನದನ್ನು ಮರೆಯುತ್ತೇನೆ. ಇಷ್ಟು ಕನ್ನಡದ ಜನ ಕೂಡಿ ಕನ್ನಡದ ಊರಲ್ಲಿ ನಿಂತು ಹಿಂದಿ ಮಾತಾಡಿದರಲ್ಲ ಎಂಬ ಕೊರಗು ಆಗಲೂ ಇತ್ತು, ಈಗಲೂ ಇದೆ.

ಮಿಠಾಯಿವಾಲಾ ಆಗ ನಮಗೆ ಸೇರಲಿಲ್ಲ. ಮುದುಕನೊಬ್ಬ ಅಂಗಡಿಯಲ್ಲಿ ಕೂತಿದ್ದಾನೆ, ಮಗ ಮಾತಾಡುವುದಿಲ್ಲ. ಇದರಲ್ಲೇನಿದೆ? ಪಡಸಾಲೆಯ ಮಕ್ಕಳು ಎದ್ದು ಆಡಲು ಹೋದರು. ನಾವು ಅಕ್ಕಿಯಲ್ಲಿ ಹರಳು ಆರಿಸುತ್ತ ಅರ್ಧ ಕಣ್ಣಿನಲ್ಲಿ ನೋಡಿದೆವು. ಅತ್ತೆಯೊಬ್ಬರೇ ಪೂರ್ತಿ ನೋಡುತ್ತಿದ್ದರು. ಒಂದು ದಿನ ಮನೆಗೆ ಬರುವಾಗ ಅಂದರು: “ಆ ಮನಿಯಾಗ ಹೆಣ್ಣುಮಕ್ಕಳ ಇಲ್ಲ ನೋಡು, ಅದಕ್ಕ ಹಂಗಾಗೈತಿ.” ನಾನು ಅದನ್ನು ಕಸ ಹೊಡೆಯುವವರಿಲ್ಲ ಎಂಬ ಅರ್ಥದಲ್ಲಿ ತಗೊಂಡೆ.

ಜಗನ್ ಗಾಂಧಿಯ ಕಾಲದ ಮನುಷ್ಯ. ಖಾದಿ ತೊಡುತ್ತಾನೆ, ಉಪ್ಪು ಬಿಟ್ಟಿದ್ದಾನೆ, ಸಕ್ಕರೆಯನ್ನೂ ಬಿಟ್ಟಿದ್ದಾನೆ, ಮಾರುವುದು ಮಾತ್ರ ಮಿಠಾಯಿ! ಸಂಜೆಯ ಒಂದಿಷ್ಟು ರೊಕ್ಕ ಲೆಕ್ಕಕ್ಕೆ ಸಿಗದಂತೆ ಬೇರೆ ಇಡುತ್ತಾನೆ, ಅದರ ಬಗ್ಗೆ ಅವನ ಗಾಂಧಿ ಏನೂ ಅನ್ನುವುದಿಲ್ಲ. ಈ ಪಾತ್ರ ಮಾಡುವಾಗ ಅನಂತನಾಗರಿಗೆ ನಲವತ್ತೂ ತುಂಬಿರಲಿಲ್ಲ. ತಮ್ಮನ ಕೈಯಲ್ಲಿ ಅಣ್ಣ ಅಪ್ಪನಾಗಿದ್ದಾನೆ. ಕೂದಲಿಗೆ ಬಿಳಿ ಬಳಿದು ಕೆಮ್ಮಿದರೆ ಮುದುಕ ಎನ್ನುವ ನಟರೇ ಹೆಚ್ಚು. ಇಲ್ಲಿ ಮುಪ್ಪು ಇರುವುದು ತಡೆದು ತಡೆದು ಆಡುವ ಮಾತಿನಲ್ಲಿ. ಮಗನಿಗೆ ಏನೋ ಕೇಳಬೇಕೆಂದು ಬಾಯಿ ತೆರೆದು, ಕೇಳದೆ, ಬೇರೆ ಏನೋ ಕೇಳುವವರನ್ನು ನೀವೂ ಕಂಡಿರಬೇಕು. ನನ್ನ ಮನೆಯಲ್ಲೇ ಒಬ್ಬರಿದ್ದಾರೆ.

ಮಗ ಮಾಲಿ ಕಾಲೇಜು ಬಿಡುತ್ತಾನೆ, ಅಮೇರಿಕಕ್ಕೆ ಹೋಗುತ್ತಾನೆ, ಕತೆ ಬರೆಯುವ ಯಂತ್ರ ಮಾರುವ ಹಂಚಿಕೆ ತಗೊಂಡು ಬರುತ್ತಾನೆ. ಆಗ ಅದಕ್ಕೆ ನಕ್ಕಿದ್ದೆವು. ಈಗ ಅಂಥ ಯಂತ್ರ ಬಂದೇಬಿಟ್ಟಿದೆ, ನಾರಾಯಣರು 1967ರಲ್ಲೇ ಬರೆದಿಟ್ಟದ್ದು. ಜೊತೆಗೆ ಗ್ರೇಸ್ ಎಂಬ ಹುಡುಗಿಯೂ ಬರುತ್ತಾಳೆ. ಇದರಲ್ಲಿ ಒಂದು ಸುದ್ದಿಯೂ ಅಪ್ಪನಿಗೆ ಮಗನ ಬಾಯಿಂದ ನೆಟ್ಟಗೆ ಸಿಗುವುದಿಲ್ಲ. ನಡುವೆ ಒಬ್ಬ ಸಂಬಂಧಿ ಇದ್ದಾನೆ. ದಿನಾ ಅಂಗಡಿಗೆ ಬಂದು ಪುಕ್ಕಟೆ ಮಿಠಾಯಿ ರುಚಿ ನೋಡುವುದು, ಅಪ್ಪನ ಪ್ರಶ್ನೆ ಮಗನಿಗೆ ಒಯ್ಯುವುದು, ಮಗನ ಉತ್ತರ ಅಪ್ಪನಿಗೆ ತರುವುದು, ಇದೇ ಅವನ ಉದ್ಯೋಗ. ನಗು ಹುಟ್ಟುವುದೆಲ್ಲ ಅವನಿಂದ.

ಮಂಚದ ಮೇಲೆ ಕಾಲು ಚಾಚಿ ಇದನ್ನು ನೋಡುತ್ತಿದ್ದಾಗ ನಾನು ರಿಮೋಟು ಒತ್ತಿ ಚಿತ್ರ ನಿಲ್ಲಿಸಿದೆ. ದೂರದರ್ಶನದಲ್ಲಿ ನೋಡುವಾಗ ಈ ಸವಲತ್ತು ಎಲ್ಲಿತ್ತು? ಕುಕ್ಕರು ಕೂಗಿದರೆ, ಕೂಸು ಅತ್ತರೆ, ಕರೆಂಟು ಹೋದರೆ ಆ ವಾರದ್ದು ಹೋಯಿತು. ಎಷ್ಟೋ ಕತೆಗಳ ನಡುವಿನ ತುಂಡು ನನಗೆ ಗೊತ್ತೇ ಇರಲಿಲ್ಲ. ನಿಲ್ಲಿಸಿ, ಆ ಸಂಬಂಧಿಯ ಮುಖ ನೋಡಿದೆ. ಈ ಕೆಲಸ ನಮ್ಮ ಮನೆಯಲ್ಲಿ ಯಾರು ಮಾಡುತ್ತಿದ್ದರು?

ನಮ್ಮ ಮಾವನವರೂ ನಮ್ಮವರೂ ಒಂದೇ ಕಟ್ಟೆಯ ಮೇಲೆ ಕೂತಿದ್ದರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಜಗಳವೇನಿಲ್ಲ, ರೂಢಿ. “ಹೊಲಕ್ಕ ಹೊಕ್ಕಾನೇನ ಕೇಳು” ಎಂದು ಮಾವನವರು ಗ್ವಾಡಿಗೆ ಅನ್ನುವರು. ಅತ್ತೆ ಒಳಗೆ ಬಂದು ಮಗನಿಗೆ ಹೇಳುವರು. “ನಾ ಹೋಗೂದಿಲ್ಲ, ಅವರ ಹೋಗ್ಲಿ” ಅಂತ ಮಗ ಅಂದರೆ ಅತ್ತೆ ಹೊರಗೆ ಹೋಗಿ, “ಹುಡುಗಗ ಮೈಯಾಗ ಆರಾಮಿಲ್ಲ, ಇವತ್ತೊಂದಿನಾ ಬಿಡ್ರಿ” ಅನ್ನುವರು. ಬಾಗಿಲು ದಾಟುವಷ್ಟರಲ್ಲಿ ಮಾತಿನ ಮುಳ್ಳು ಮುರಿದಿರುತ್ತಿತ್ತು. ಮಿಠಾಯಿವಾಲಾನ ಸಂಬಂಧಿಗೂ ಅತ್ತೆಗೂ ಇರುವ ಅಂತರ ಅದೇ. ಅವನು ಸುದ್ದಿ ಒಯ್ಯುತ್ತಾನೆ, ಮುಳ್ಳು ಮುರಿಯುವುದಿಲ್ಲ. ಮುರಿದು ಅವನಿಗೇನಾಗಬೇಕು, ಅವನಿಗೆ ಮಿಠಾಯಿ ಸಿಕ್ಕರೆ ಸಾಕು.

ಇನ್ನೊಮ್ಮೆ ಸ್ವಾಮಿಯ ಡಿಸ್ಕು ಹಾಕಿದೆ. ಅಪ್ಪ ಹುಡುಗನನ್ನು ಒಬ್ಬನೇ ಮಲಗು ಎಂದು ಗದರಿಸುವ ಕತೆ. ಅಲ್ಲಿ ಅವ್ವ ಇದ್ದಾಳೆ, ಅಜ್ಜಿ ಇದ್ದಾಳೆ. ಅವರು ಗಂಡಸಿನ ಮಾತು ಮೀರುವುದಿಲ್ಲ, ಆದರೆ ನಡುವೆ ನಿಂತಿರುತ್ತಾರೆ. ಕಾರ್ನಾಡರ ಸಿಟ್ಟು ನಮಗೆ ನಗು ತರಿಸುವುದು ಅದಕ್ಕೇ. ವೈಶಾಲಿಯವರನ್ನು ಆ ಮನೆಯಿಂದ ತೆಗೆದುಬಿಡಿ, ಅದೇ ಸಿಟ್ಟು ಹೇಗೆ ಕಂಡೀತು? ಇಪ್ಪತ್ತು ವರ್ಷ ಬಿಟ್ಟು ಸ್ವಾಮಿಯೇ ಮಾಲಿಯಾದಾನು.

ಇಷ್ಟು ಮೆಚ್ಚಿದ ಮೇಲೆ ನನ್ನ ತಕರಾರೂ ಹೇಳಬೇಕು. ಧಾರಾವಾಹಿ ಮುಗಿದ ಮೇಲೆ ಕಾದಂಬರಿಯನ್ನೂ ತರಿಸಿ ಓದಿದೆ. ಮಾಲಿಯ ಅವ್ವ ಅಂಬಿಕಾ ಮೆದುಳಿನ ಗಡ್ಡೆಯಿಂದ ಸತ್ತವಳು. ತಲೆನೋವಿಗೆ ಮಾತ್ರೆ ಬೇಕೆಂದರೆ ಗಂಡನಿಗೆ ಮಾತ್ರೆ ಎಂದರೆ ಆಗದು. ಪ್ರಕೃತಿ ಚಿಕಿತ್ಸೆಯ ಮೇಲೆ ಪುಸ್ತಕ ಬರೆದಿಟ್ಟವನು. ಮಗ ಅದನ್ನು ಮರೆತಿಲ್ಲ. ಒಂದು ಮಾತ್ರೆಯಿಂದ ಗಡ್ಡೆ ಕರಗುತ್ತಿರಲಿಲ್ಲ, ನಿಜ. ಆದರೆ ತಲೆ ಹಿಡಿದು ಕೂತ ಹೆಂಡತಿಗೆ ನೀತಿ ಹೇಳುವ ಗಂಡಂದಿರನ್ನು ಬಲ್ಲ ನಮಗೆ ಜಗನ್ ಬರೀ ಪಾಪದ ಮುದುಕನಾಗಿ ಕಾಣಲಾರ. ಅನಂತನಾಗರ ಅಭಿನಯ ಎಷ್ಟು ಮೃದುವೆಂದರೆ ಅವನನ್ನು ಬೈಯಲಿಕ್ಕೇ ಮನಸ್ಸಾಗುವುದಿಲ್ಲ. ಅದು ನಟನ ಗೆಲುವು, ಕತೆಗೆ ಒಂದಿಷ್ಟು ನಷ್ಟ.

ಗ್ರೇಸಳ ಕತೆಯೂ ಅಷ್ಟೇ. ಬಂದ ಹೊಸದರಲ್ಲಿ ಮಾವನ ಮನೆ ತಿಕ್ಕಿ ತೊಳೆದು ಒಪ್ಪ ಮಾಡುತ್ತಾಳೆ. ಮದುವೆಯೇ ಆಗಿಲ್ಲವೆಂದು ತಿಳಿದ ಮೇಲೆ ಜಗನ್ ನಡುವಿನ ಬಾಗಿಲು ಭದ್ರ ಮಾಡಿಕೊಳ್ಳುತ್ತಾನೆ. ಕೊನೆಗೆ ಎಲ್ಲ ಬಿಟ್ಟು ಹೊರಟಾಗ ಅವಳು ತನ್ನ ದೇಶಕ್ಕೆ ಮರಳುವುದಾದರೆ ಟಿಕೆಟ್ಟಿನ ರೊಕ್ಕ ಕೊಡುತ್ತೇನೆ ಅನ್ನುತ್ತಾನೆ. ಒಳ್ಳೆಯ ಮಾತೇ. ಆದರೆ ಅದನ್ನೂ ಹೇಳಿ ಕಳಿಸುವುದು ಆ ಸಂಬಂಧಿಯ ಕೈಯಲ್ಲಿ! ನಿನಗೇನು ಬೇಕವ್ವಾ ಎಂದು ಅವಳನ್ನೇ ಕೂಡಿಸಿಕೊಂಡು ಕೇಳಬಾರದಿತ್ತೇ?

ಶಂಕರನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ತೀರಿಕೊಂಡರು. ಕಂಬಾರರ ಜೋಕುಮಾರಸ್ವಾಮಿಯ ಚಿತ್ರೀಕರಣಕ್ಕೆಂದು ಲೋಕಾಪುರದ ಕಡೆ ಹೊರಟಿದ್ದರು. ಹುಬ್ಬಳ್ಳಿಯಿಂದ ನಮ್ಮೂರು ದಾಟಿ ನರಗುಂದದ ಮೇಲೆ ಹೋಗುವ ಡಾಂಬರು ರಸ್ತೆ ಆ ಕಡೆಗೇ ಹೋಗುತ್ತದೆ. ಸುದ್ದಿ ಬಂದ ದಿನ ಅತ್ತೆ ಒಲೆ ಹಚ್ಚಲಿಲ್ಲ. 2006ರಲ್ಲಿ ಕವಿತಾ ಲಂಕೇಶರು ಮತ್ತೆ 15 ಕಂತು ಮಾಡಿದರು. ಅವು ಬೇರೆಯೇ ಕೈಯ ಅಡಿಗೆ, ಅದರ ರುಚಿಯ ಮಾತು ಇನ್ನೊಮ್ಮೆ ಆದೀತು.

ಅತ್ತೆ ಹೋಗಿ ಹನ್ನೆರಡು ವರ್ಷವಾಯಿತು. ಅವರ ಕೆಲಸ ನನಗೆ ಬಂದಿದೆ, ಯಾರೂ ಕೊಟ್ಟದ್ದಲ್ಲ. ಮಗ ಅಮೇರಿಕದಲ್ಲಿದ್ದಾನೆ. ರವಿವಾರ ಮುಂಜಾನೆ ಅವನ ಫೋನು ಬರುತ್ತದೆ. ನಾನು ಮಾತಾಡಿ ಇಟ್ಟ ಮೇಲೆ ನಮ್ಮವರು ಪೇಪರಿನ ಹಿಂದಿನಿಂದ ಕೇಳುತ್ತಾರೆ: “ಏನಂತ ಅಂವಾ?” “ಆರಾಮ ಅದಾನಂತ.” “ನೌಕರಿ?” “ನಡದೈತೆಂತ.” ಮಗನೂ ಅಷ್ಟೇ, “ಅಪ್ಪಾ ಆರಾಮ ಅದಾರಿಲ್ಲೋ” ಎಂದು ನನ್ನನ್ನೇ ಕೇಳುತ್ತಾನೆ. ಅಪ್ಪ ಎರಡು ಮಾರು ದೂರದಲ್ಲಿ ಕೂತಿರುತ್ತಾರೆ. ನಾನೂ ಬೇಕಾದಲ್ಲಿ ಮುಳ್ಳು ಮುರಿದೇ ದಾಟಿಸುತ್ತೇನೆ.

ಕಾಲು ನೆಟ್ಟಗಾದ ಮೇಲಿನ ಮೊದಲ ರವಿವಾರ. ಅಮೇರಿಕಕ್ಕೆ ಹೊರಟ ಪರಿಚಯದವರ ಕೈಯಲ್ಲಿ ಕಳಿಸಲು ಬೇಸನ್ ಉಂಡಿಗೆ ಹಿಟ್ಟು ಹುರಿಯುತ್ತಿದ್ದೆ. ಫೋನು ಬಂತು. ನಮ್ಮವರು ಅದನ್ನು ಎತ್ತಿಕೊಂಡು ಅಡಿಗೆಮನೆಯ ಬಾಗಿಲಿಗೆ ತಂದು ನನ್ನತ್ತ ಹಿಡಿದರು. “ನನ್ನ ಕೈ ಬಿಡುವಿಲ್ಲ, ನೀವs ಮಾತಾಡ್ರಿ” ಅಂದೆ. ಅವರು ನನ್ನನ್ನೂ ಫೋನನ್ನೂ ಒಮ್ಮೆ ನೋಡಿದರು.

“ಹಾಂ... ನಾನಪಾ. ಅವ್ವ ಬೇಸನ್ ಹುರಿಯಾಕತ್ತಾಳ.”

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನಾನು ಹುಟ್ಟು ಆಡಿಸುತ್ತಲೇ ಇದ್ದೆ.

“ಅಲ್ಲೆ ಥಂಡಿ ಭಾಳ ಐತೇನು?”

ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಕೇಳಿಸಲಿಲ್ಲ. ಇವರು ಫೋನು ಹಿಡಿದುಕೊಂಡೇ ಹೊರಗಿನ ಕಟ್ಟೆಗೆ ಹೋಗಿ ಕೂತರು. ಬೇಸನ್ ಒಂದಿಷ್ಟು ಹೆಚ್ಚೇ ಕೆಂಪಾಯಿತು.