ಹ್ಯಾಂಗ್ ಆದರೆ ವೋಲ್ಟೇಜ್ ಏರಿಸು ಎನ್ನುವವರಿಗೆ

ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವವರು ಎರಡು ಮಾತನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಪ್ರೈಮ್95 ಎಂಬ ಸ್ಟ್ರೆಸ್ ಟೆಸ್ಟ್ ಒಂದು ಗಂಟೆ ಓಡಿದರೆ ಸಿಸ್ಟಮ್ ಸ್ಟೇಬಲ್. ಓಡದಿದ್ದರೆ ಕೋರ್ ವೋಲ್ಟೇಜ್ ಇನ್ನಷ್ಟು ಏರಿಸು. ಮಗ್ಗಗಳ ಊರಾದ ದೊಡ್ಡಬಳ್ಳಾಪುರದಲ್ಲಿ ಮೂರನೆಯದೊಂದು ಸೇರುತ್ತದೆ: ಎಷ್ಟು ಏರಿಸಿದರೂ ನಿಲ್ಲದಿದ್ದರೆ ನಮ್ಮೂರಿನ ಕರೆಂಟೇ ಸರಿಯಿಲ್ಲ. ಮೂರನ್ನೂ ನಾನು ಒಪ್ಪುವುದಿಲ್ಲ. ಓವರ್‌ಕ್ಲಾಕಿಂಗ್ ಬೇಡ ಎನ್ನುವವನಲ್ಲ ನಾನು. ಕೊಟ್ಟ ದುಡ್ಡಿಗೆ ಚಿಪ್‌ನಿಂದ ಪೂರ್ತಿ ಕೆಲಸ ತೆಗೆಯುವುದು ಒಳ್ಳೆಯ ವಿದ್ಯೆ. ಆ ವಿದ್ಯೆಯ ಜೀವಾಳ ದೋಷಪತ್ತೆ. ಈ ಮಾತುಗಳು ಅದನ್ನೇ ಇಲ್ಲವಾಗಿಸುತ್ತವೆ ಎಂಬುದು ನನ್ನ ತಕರಾರು.

ವೋಲ್ಟೇಜ್ ಏರಿಸಿದರೆ ಹ್ಯಾಂಗ್ ನಿಲ್ಲುವುದುಂಟು, ನಿಜ. ಹೆಚ್ಚು ವೋಲ್ಟೇಜಿನಲ್ಲಿ ಟ್ರಾನ್ಸಿಸ್ಟರ್ ಬೇಗ ಸ್ವಿಚ್ ಆಗುತ್ತದೆ. ಆದರೆ ಸ್ವಿಚಿಂಗ್‌ಗೆ ತಗಲುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೂ ವೇಗಕ್ಕೂ ತಕ್ಕಂತೆ ಏರುತ್ತದೆ. 5.0 ಗಿಗಾಹರ್ಟ್ಸ್‌ನಿಂದ 5.2ಕ್ಕೆ ಹೋಗಲು 1.25 ವೋಲ್ಟನ್ನು 1.35 ಮಾಡಿದಿರಿ ಎನ್ನಿ: ವೇಗ ಹೆಚ್ಚಿದ್ದು ಶೇ 4, ವಿದ್ಯುತ್ತು ಹೆಚ್ಚಿದ್ದು ಸುಮಾರು ಶೇ 21. ಅದಷ್ಟೂ ಬಿಸಿಯಾಗಿಯೇ ಹೊರಬರಬೇಕು. ಜನವರಿಯಲ್ಲಿ 24 ಡಿಗ್ರಿ ಕೋಣೆಯಲ್ಲಿ ಪಾಸಾದ ಸೆಟ್ಟಿಂಗ್, ಏಪ್ರಿಲ್‌ನಲ್ಲಿ ಶೀಟಿನ ಸೂರಿನಡಿ 36 ಡಿಗ್ರಿಯಲ್ಲಿ ಬಿದ್ದರೆ ಆಶ್ಚರ್ಯವೇನು? ಮಗ್ಗದ ಮನೆಯ ಕಂಪ್ಯೂಟರಿನ ಕೂಲರ್ ಬಿಚ್ಚಿ ನೋಡಿ. ಫಿನ್‌ಗಳ ಸಂದಿಯಲ್ಲಿ ನೂಲಿನ ಎಳೆಯೂ ಧೂಳೂ ಬೆರೆತು ಕಂಬಳಿಯಂತೆ ಹಾಸಿಕೊಂಡಿರುತ್ತದೆ. ಫ್ಯಾನ್ ತಿರುಗುತ್ತದೆ, ಗಾಳಿ ದಾಟುವುದಿಲ್ಲ. ಅಲ್ಲಿ ಬೇಕಾದದ್ದು ಬ್ರಷ್.

ವೋಲ್ಟೇಜೇ ರೋಗವಾಗಬಲ್ಲದು ಎಂಬುದಕ್ಕೆ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳೇ ಸಾಕ್ಷಿ. ಅತಿಯಾದ ವೋಲ್ಟೇಜಿನಿಂದ ಅವುಗಳಲ್ಲಿ ಕೆಲವು ಅಸ್ಥಿರವಾಗುತ್ತಿವೆ ಎಂದು ಕಂಪನಿಯೇ 2024ರ ಜುಲೈಯಲ್ಲಿ ಒಪ್ಪಿಕೊಂಡಿತು. ಆಗಸ್ಟ್‌ನ ಮೈಕ್ರೋಕೋಡ್ 1.55 ವೋಲ್ಟಿಗೆ ಮಿತಿ ಹಾಕಿತು, ವಾರಂಟಿ ಎರಡು ವರ್ಷ ಹಿಗ್ಗಿತು. ಆಗಲೇ ಹಾಳಾಗಿದ್ದ ಚಿಪ್ ಮಾತ್ರ ಆ ಅಪ್‌ಡೇಟ್‌ನಿಂದ ಸರಿಹೋಗಲಿಲ್ಲ.

ಇನ್ನು ಸ್ಟ್ರೆಸ್ ಟೆಸ್ಟ್. ಎಲ್ಲ ಕೋರ್‌ಗಳನ್ನೂ ಒಂದೇ ಸಮನೆ ದುಡಿಸುವಾಗ ಕ್ಲಾಕ್ ಇಳಿದಿರುತ್ತದೆ. ಒಂದೆರಡು ಕೋರ್ ಮಾತ್ರ ದುಡಿಯುವಾಗಲೇ ಬೂಸ್ಟ್ ತುತ್ತತುದಿಗೇರುವುದು. ರೈಜನ್‌ನಲ್ಲಿ ಕೋರ್‌ಗಳ ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಜರ್ ಅನ್ನು ತೀರಾ ಕೆಳಗಿಳಿಸಿದವರ ಕಂಪ್ಯೂಟರ್ ರೆಂಡರ್ ಮುಗಿಸಿ, ಬ್ರೌಸರ್ ತೆರೆದಾಗ ರೀಸ್ಟಾರ್ಟ್ ಆಗುವುದು ಇದೇ ಕಾರಣಕ್ಕೆ. ಲೋಡ್ ಹಠಾತ್ತನೆ ಏರಿದಾಗ ವೋಲ್ಟೇಜ್ ಕುಸಿಯುತ್ತದೆ, ಇಳಿದಾಗ ಚಿಮ್ಮುತ್ತದೆ. ಆ ಕುಸಿತವನ್ನು ತಡೆಯುವ ಲೋಡ್‌ಲೈನ್ ಕ್ಯಾಲಿಬ್ರೇಷನ್ ಅನ್ನು ಕೊನೆಯ ಹಂತಕ್ಕೆ ಏರಿಸಿದರೆ ಆ ಚಿಮ್ಮು ಇನ್ನೂ ಜೋರು. ಸಮತಟ್ಟಾದ ಒಂದು ಗಂಟೆಯ ಪರೀಕ್ಷೆ ಇದ್ಯಾವುದನ್ನೂ ಮುಟ್ಟುವುದಿಲ್ಲ. ಅದು ಪಾಸಾಯಿತೆಂದರೆ ಆ ಒಂದು ಲೋಡ್ ಪಾಸಾಯಿತು, ಅಷ್ಟೆ. ಹಾಗಾಗಿ ಒಂದೊಂದೇ ಕೋರ್ ಅನ್ನು ಸರದಿಯಲ್ಲಿ ದುಡಿಸುವ ಕೋರ್‌ಸೈಕ್ಲರ್‌ನಂಥ ಪರೀಕ್ಷೆಯೂ ಬೇಕು.

ಎಕ್ಸ್‌ಎಂಪಿ ಎಂಬ ಮೆಮೊರಿ ವೇಗದ ಪ್ರೊಫೈಲ್ ಆನ್ ಮಾಡಿ ಅದನ್ನು ಮರೆತೇಬಿಡುವವರು ಅನೇಕ. ಡಿಡಿಆರ್4 ರ‍್ಯಾಮನ್ನು 3600ಕ್ಕೆ ಓಡಿಸುವುದೂ ಓವರ್‌ಕ್ಲಾಕೇ. ರ‍್ಯಾಮ್ ಜೊತೆಗೆ ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರನ್ನೂ ಅದು ಎಳೆಯುತ್ತದೆ. ಮೊದಲು ರ‍್ಯಾಮ್ ಡಿಫಾಲ್ಟ್‌ಗೆ ತನ್ನಿ. ಹ್ಯಾಂಗ್ ನಿಂತರೆ ಕೋರ್ ವೋಲ್ಟೇಜ್ ನಿರಪರಾಧಿ.

ಕೊನೆಗೆ ಕರೆಂಟ್. ಇವೆಂಟ್ ವ್ಯೂವರ್‌ನಲ್ಲಿ ಕರ್ನೆಲ್-ಪವರ್ 41 ಕಂಡೊಡನೆ ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲಿಸುವವರಿದ್ದಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಕ್ಕಿಂತ ಹೆಚ್ಚೇನನ್ನೂ ಆ ಸಾಲು ಹೇಳುವುದಿಲ್ಲ. ಸಂಜೆ ಮಗ್ಗಗಳೆಲ್ಲ ಓಡುವಾಗ 230 ವೋಲ್ಟ್ 190ಕ್ಕೆ ಇಳಿದರೂ, 100–240 ಎಂದು ಬರೆದಿರುವ ಎಸ್‌ಎಂಪಿಎಸ್ 12 ವೋಲ್ಟನ್ನು ಬಿಟ್ಟುಕೊಡಬಾರದು. ಪ್ರೊಸೆಸರಿನ ವೋಲ್ಟೇಜನ್ನು ಮದರ್‌ಬೋರ್ಡು ತಯಾರಿಸುವುದು ಆ 12ರಿಂದ. 200–240 ಎಂದಿರುವ ಅಗ್ಗದ ಮಾಲಿಗೆ ಈ ಮಾತು ಸಲ್ಲದು, ಲೇಬಲ್ ಓದಿ. ಕರೆಂಟ್ ಹೋದ ಕ್ಷಣಕ್ಕೇ ಕಂಪ್ಯೂಟರ್ ಆರುತ್ತಿದ್ದರೆ ಯುಪಿಎಸ್ ಮೇಲೆ ಗುಮಾನಿ ಪಡಿ: ಸಾಮಾನ್ಯ 600 ವಿಎ ಯುಪಿಎಸ್ ಹೊರುವುದು 360 ವಾಟ್‌ನಷ್ಟು, ಓವರ್‌ಕ್ಲಾಕ್ ಆದ ಪ್ರೊಸೆಸರ್ ಜೊತೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದು ಸಾಲದು. ಕರೆಂಟ್ ಇದ್ದಾಗಲೂ ಬೀಳುತ್ತಿದ್ದು, ಡಬ್ಲ್ಯುಎಚ್‌ಇಎ ಹಾರ್ಡ್‌ವೇರ್ ದೋಷಗಳ ಸಾಲು ಕಾಣುತ್ತಿದ್ದರೆ ವಿದ್ಯುತ್ ಕಂಪನಿ ಬೆಸ್ಕಾಂ ಮೇಲೆ ಹೊರಿಸಬೇಡಿ. ನಿಮ್ಮ ಸೆಟ್ಟಿಂಗ್ ನೋಡಿ.

ಓವರ್‌ಕ್ಲಾಕ್ ಮಾಡುವ ಹುಡುಗರಲ್ಲಿ ನನ್ನ ಬೇಡಿಕೆ ಇಷ್ಟೇ: ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ, ಏಪ್ರಿಲ್‌ನಲ್ಲಿ ಮತ್ತೊಮ್ಮೆ ಪರೀಕ್ಷಿಸಿ.